ಅರ್ಧ ಬಣ್ಣದ ಗಿಲಕಿ

ಬಿಸಿ ಅರಗಿನ ವಾಸನೆ ಬಂದರೆ ಸಾಕು, ಚನ್ನಪಟ್ಟಣದ ನಮ್ಮ ಹಳೆಯ ಬೀದಿ ಕಣ್ಣೆದುರು ಬರುತ್ತದೆ. ನಿಮಗೂ ಅಂಥದ್ದೊಂದು ವಾಸನೆ ಇರಬಹುದು. ಬೆಳಗಿನ ಬಿಸಿಲಿನಲ್ಲಿ ಮರದ ಪುಡಿ ತೇಲುತ್ತಿರುತ್ತದೆ. ಎದುರು ಮನೆಯ ಇಬ್ರಾಹಿಂ ಸಾಬರ ಬೊಂಬೆ ಕಡೆಯುವ ತಿರುಗಣೆ ಗುಂಯ್‌ಗುಡುತ್ತಿರುತ್ತದೆ. ತಿರುಗುವ ಮರಕ್ಕೆ ಒತ್ತಿದ ಅರಗಿನ ಕಡ್ಡಿ ಕರಗಿ ಹಳದಿಯಾಗಿ, ಕೆಂಪಾಗಿ ಹರಡುತ್ತಿರುತ್ತದೆ. ಈಚೆ ನಮ್ಮ ಜಗಲಿಯ ಮೇಲೆ ಚಿಟಿಕೆ ನಶ್ಯ ಹಿಡಿದು ತಾತ ಕೂತಿರುತ್ತಾರೆ. ಮಹಾರಾಜರ ಕಾಲದ ಪ್ರಜಾಪ್ರತಿನಿಧಿ ಸಭೆಯಲ್ಲಿ ಅವರು ನಮ್ಮ ತಾಲ್ಲೂಕಿನ ಪ್ರತಿನಿಧಿ. ಸಭೆ ಸೇರುತ್ತಿದ್ದದ್ದು ಮೈಸೂರಿನಲ್ಲಿ, ದಸರಾ ಸಮಯಕ್ಕೆ. ದಸರಾ ಹತ್ತಿರ ಬಂತೆಂದರೆ ಹಳ್ಳಿಗಳಿಂದ ಜನ ಬಂದು, ಮಜ್ಜಿಗೆ ಕುಡಿದು, ಅಲ್ಲಿ ಆಡಬೇಕಾದ ಮಾತನ್ನು ಅವರ ಕಿವಿಗೆ ಹಾಕಿ ಹೋಗುತ್ತಿದ್ದರು. ಕಂದಾಯ ಕಟ್ಟುವವರಿಗಷ್ಟೇ ವೋಟಿದ್ದ ಕಾಲ. ಜಮೀನಿಲ್ಲದ ಸಾಬರಿಗೆ ವೋಟಿರಲಿಲ್ಲ. ಅದಕ್ಕೇ ಇರಬೇಕು, ಆ ವರ್ಷ ಅವರು ಎಲ್ಲರೂ ಹೋದ ಮೇಲೆ ಬಂದರು.

ನನಗಾಗ ಎಂಟು ವರ್ಷ. ತಾತನ ಪಕ್ಕದಲ್ಲಿ ಕೂತು ಕೇಳಿದೆ. ಬೊಂಬೆಗೆ ಬೇಕಾದ ಆಲೆ ಮರ ಕಡಿಯಲು ಹೊಸದಾಗಿ ಪರವಾನಗಿ ಬೇಕಾಗಿತ್ತು. ಅದು ಸಾಬರಿಗೆ ಸಿಕ್ಕಿರಲಿಲ್ಲ. ಮನೆಯಲ್ಲಿದ್ದ ಮರ ಬೇಸಿಗೆಯವರೆಗೆ ಬಂದರೆ ಹೆಚ್ಚು. ಅವರು ಜೇಬಿನಿಂದ ಒಂದು ಗಿಲಕಿ ತೆಗೆದರು. ಅರ್ಧಕ್ಕೆ ಕೆಂಪು ಅರಗು, ಇನ್ನರ್ಧ ಬರಿಯ ಮರ.

"ನೋಡಿ ಯಜಮಾನ್ರೆ, ಹಾಲಿನಂಗೈತೆ. ಬೇರೆ ಮರ ಹಿಂಗೆ ಬಣ್ಣ ಹಿಡಿಯಾಕಿಲ್ಲ. ಬಾಯಲ್ಲಿ ಹೇಳಿದ್ರೆ ದೊಡ್ಡೋರ್ಗೆ ತಿಳಿಯಾಕಿಲ್ಲ, ಕೈಗೇ ಕೊಟ್ಬುಡಿ."

ತಾತ ಒಪ್ಪಿದರು. ಆದರೆ ಅತಿಥಿಗೆ ಸೀಳಿದ ಎಲೆಯಲ್ಲಿ ಊಟ ಬಡಿಸದ ಮನೆ ನಮ್ಮದು. ಅರೆಬರೆ ಸಾಮಾನನ್ನು ದಿವಾನರ ಎದುರು ಹಿಡಿಯುವುದು ಹೇಗೆಂದು ಅವರ ಮನಸ್ಸು ಹಿಂಜರಿಯಿತು. ರೈಲು ಹತ್ತುವ ಮುಂಚೆ, ಯಾರಿಗೂ ಹೇಳದೆ, ಸ್ಟೇಷನ್ ಹತ್ತಿರದ ಇನ್ನೊಬ್ಬ ಕೆಲಸಗಾರನಿಂದ ಉಳಿದರ್ಧಕ್ಕೂ ಬಣ್ಣ ಹಾಕಿಸಿದರು.

ಸಭೆಯಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ತಾತ ಹೇಳಿದ್ದಷ್ಟೇ ಗೊತ್ತು. ಮಾತು ಶುರು ಮಾಡಿ ಗಿಲಕಿ ತೆಗೆದರಂತೆ. ಅದು ಬೆಂಚಿನಿಂದ ಬೆಂಚಿಗೆ ಹೋಯಿತಂತೆ. ಒಬ್ಬೊಬ್ಬರೂ ಅಲ್ಲಾಡಿಸಿ ನಕ್ಕರು, ಬಹಳ ಚೆನ್ನಾಗಿದೆ ಎಂದರು, ಊರಿನ ಕಾಣಿಕೆ ಎಂದುಕೊಂಡರು. ಒಳಗಿನ ಬಿಳಿ ಮರ ಯಾರಿಗೂ ಕಾಣಲಿಲ್ಲ. ಪರವಾನಗಿಯ ಮಾತು ಮುಗಿಯುವ ಮುಂಚೆಯೇ ಮುಂದಿನ ತಾಲ್ಲೂಕಿನ ಹೆಸರು ಕೂಗಿದರು. ಗಿಲಕಿ ತಿರುಗಿ ಬರಲಿಲ್ಲ.

ಸುದ್ದಿ ಊರಿಗೆ ಬಂದಾಗ ತಾತನ ಗೆಳೆಯ ಕೆಂಚೇಗೌಡರು ಜಗಲಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ಲಾ, ಮರ ಕೇಳಕ್ಕೋಗಿ ಗಿಲಕಿ ಕೊಟ್ ಬಂದ್ಬುಟ್ಟಾ? ಮುಂದಿನ್ ಸಲ ತೊಟ್ಲೇ ಹೊತ್ಕೊಂಡೋಗು ಕಣ್ಲಾ!"

ತಾತ ನಗಲಿಲ್ಲ. ಸಾಬರು ಬಂದು ನಿಂತಿದ್ದರು.

"ದೊಡ್ಡೋರು ಬಿಳೀ ಮರ ನೋಡಿದ್ರಾ ಯಜಮಾನ್ರೆ?"

"ಬಣ್ಣ ಹಾಕಿಸ್ಬುಟ್ಟೆ, ಸಾಬ್ರೆ."

ಸಾಬರು ತಮ್ಮ ಮನೆಯ ಕಡೆ ತಿರುಗಿದರು. "ಹೋಗ್ಲಿ ಬುಡಿ. ಯಾವ್ದೋ ಮಗು ಆಡ್ಕೊಂತೈತೆ."

ಬೇಸಿಗೆಗೆ ತಿರುಗಣೆ ನಿಂತಿತು. ಸಾಬರು ರೇಷ್ಮೆ ನೂಲು ತೆಗೆಯುವ ಕೆಲಸ ಹುಡುಕಿ ಪಕ್ಕದ ಊರು ಕ್ಲೋಸ್‌ಪೇಟೆಗೆ ಹೊರಟರು. ಹೊರಡುವ ದಿನ ಇನ್ನೊಂದು ಗಿಲಕಿ ತಂದುಕೊಟ್ಟರು. ಅದೂ ಅರ್ಧ ಕೆಂಪು, ಅರ್ಧ ಬರಿಯ ಮರ. "ಈ ಸಲ ಹಿಂಗೇ ತಕೊಂಡೋಗಿ" ಎಂದರು. ಆದರೆ ಅಷ್ಟರಲ್ಲಿ ತಾತನ ಅವಧಿ ಮುಗಿದಿತ್ತು. ಮುಂದಿನ ಪ್ರತಿನಿಧಿ ಬೇರೆ ಹೋಬಳಿಯವರು, ಅವರ ಪಟ್ಟಿಯಲ್ಲಿ ಇದ್ದದ್ದು ಕೆರೆ ಏರಿ. ಆಮೇಲೆ ಬಂದವರದ್ದು ಸೇತುವೆ. ಮರದ ಮಾತನ್ನು ಯಾರೂ ಎತ್ತಲಿಲ್ಲ. ತಾತ ಮತ್ತೆ ಆರಿಸಿ ಬರಲಿಲ್ಲ. ಪ್ರತಿ ದಸರಾಕ್ಕೂ ಜರಿ ಪೇಟ ಕಟ್ಟಿ, ಮೈಸೂರಿನ ರೈಲು ಕೂಗುವವರೆಗೆ ಗಿಲಕಿ ಹಿಡಿದು ಜಗಲಿಯಲ್ಲಿ ಕೂತಿರುತ್ತಿದ್ದರು.

ಆ ಜಗಲಿ ಈಗಿಲ್ಲ, ಬೀದಿಯ ಆ ಸದ್ದೂ ಇಲ್ಲ. ಗಿಲಕಿ ನನ್ನ ಬಳಿ ಇದೆ. ಸಾಬರು ಬಿಳಿಯಾಗಿ ಬಿಟ್ಟಿದ್ದ ಅರ್ಧ, ತಾತನ ಹೆಬ್ಬೆರಳು ಸವರಿ ಸವರಿ ಕಂದಾಗಿದೆ. ಮೂಗಿಗೆ ಹಿಡಿದರೆ ಅರಗಿನ ವಾಸನೆ ಬರುವುದಿಲ್ಲ. ನಶ್ಯದ ವಾಸನೆ ಬರುತ್ತದೆ.