ಮಗಳ ಹೊಟ್ಟೆಯ ಗಡ್ಡೆ

ಮಗಳಿಗೆ ಆಗಿನ್ನೂ ಮೂರು ತುಂಬಿರಲಿಲ್ಲ. ಆಗಾಗ ಹೊಟ್ಟೆನೋವೆಂದು ಮುದುರಿಕೊಳ್ಳುತ್ತಿದ್ದಳು. ನನ್ನ ಅತ್ತೆ ಹರಳೆಣ್ಣೆ ಬಿಸಿ ಮಾಡಿಕೊಂಡು ಬಂದು, "ಹೊಕ್ಳು ಜರುಗೈತೆ ಕಣವ್ವ, ನೀವಿದ್ರೆ ಸರಿಹೋಯ್ತದೆ" ಎಂದು ಹೊಟ್ಟೆ ನೀವುತ್ತಿದ್ದರು. ಅದೇನು ಸುಡುಗಾಡೋ, ಸರಿಯೂ ಹೋಗುತ್ತಿತ್ತು! ಮಗು ಎದ್ದು ಆಡಲು ಓಡಿದರೆ ನಾನು ತಾನೇ ಏನು ಹೇಳಲಿ? ಕುದೂರಿನಲ್ಲಿ ನಮ್ಮ ಬೀದಿಯ ಮಕ್ಕಳನ್ನೆಲ್ಲ ಅವರ ಹತ್ತಿರವೇ ಕರೆತರುತ್ತಿದ್ದರು.

ಆ ದಿನ ಬೆಳಿಗ್ಗೆ ಮಾತ್ರ ನೀವಿದಷ್ಟೂ ಮಗು ಚೀರಿತು. ಕುಡಿಸಿದ ನೀರೂ ವಾಂತಿಯಾಯಿತು. ಹೊಕ್ಕುಳಿನ ಎಡಕ್ಕೆ ಗಟ್ಟಿಯಾದ ಗಡ್ಡೆಯೊಂದು ನನ್ನ ಕೈಗೇ ಸಿಕ್ಕಿತು.

"ಕೈ ತೆಗೀರಿ ಅತ್ತೆ!"

"ಒಸಿ ತಡಿಯವ್ವ, ಇನ್ನೊಂದ್ಸಲ ನೀವ್ತೀನಿ. ಯಾವತ್ತು ವಾಸಿಯಾಗಿಲ್ಲ ಹೇಳು?"

"ತೆಗೀರಿ ಅಂದ್ರೆ ತೆಗೀರಿ!" ಮದುವೆಯಾಗಿ ಬಂದ ಮೇಲೆ ಅವರೆದುರು ನಾನು ದನಿ ಎತ್ತಿದ್ದು ಅದೇ ಮೊದಲು.

ನಮ್ಮ ಮನೆಯವರು ಬಿಡದಿಯ ಕಾರ್ಖಾನೆಯಲ್ಲಿ ಕಾರು ಜೋಡಿಸುತ್ತಿದ್ದರು. ಡ್ಯೂಟಿ ಮುಗಿಯುವವರೆಗೆ ಫೋನಿಗೆ ಸಿಗುವವರಲ್ಲ. ಇತ್ತ ಆಸ್ಪತ್ರೆಗೆ ಹೋಗಲು ನಮಗೆ ಸಿಕ್ಕಿದ್ದು ಸೊಪ್ಪು ಸಾಗಿಸುವ ಟೆಂಪೊ. ಮಾಗಡಿ ಮುಟ್ಟುವವರೆಗೂ ನಾನು ಅತ್ತೆಯ ಮುಖ ನೋಡಲಿಲ್ಲ. ದಾರಿಯಲ್ಲಿ ಮಗು ಅಳುವುದನ್ನೂ ನಿಲ್ಲಿಸಿತು. ಅತ್ತಾಗ ಆಗದಷ್ಟು ಭಯ ನನಗೆ ಆಗ ಆಯಿತು.

ಮಾಗಡಿಯ ಡಾಕ್ಟರು ಹೊಟ್ಟೆ ಮುಟ್ಟಿದವರೇ ಆಂಬುಲೆನ್ಸ್ ಹತ್ತಿಸಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು ಬಿಡಿಸಿ ಹೇಳಿದರು. ಎಡ ಪಕ್ಕೆಯಡಿ ಭದ್ರವಾಗಿ ಕೂತಿರಬೇಕಾದ ಗುಲ್ಮ, ಅಂದರೆ ಸ್ಪ್ಲೀನ್, ನಮ್ಮ ಮಗುವಿಗೆ ಹುಟ್ಟಿನಿಂದಲೇ ಸಡಿಲವಂತೆ. ನನ್ನ ಕೈಗೆ ಸಿಕ್ಕಿದ ಗಡ್ಡೆ ಅದೇ; ಕೆಳಕ್ಕೆ ಜಾರಿ, ತನ್ನ ರಕ್ತನಾಳವನ್ನೇ ತಿರುಚಿಕೊಂಡಿತ್ತು. ಹಿಂದೆಲ್ಲ ಆ ತಿರುಚು ತಾನಾಗಿ ಬಿಚ್ಚಿಕೊಂಡು ನೋವು ಹೋಗಿರಬೇಕು, ಈ ಸಲ ಬಿಚ್ಚಿಲ್ಲ, ತಡಮಾಡಿದರೆ ಜೀವಕ್ಕೇ ಅಪಾಯ ಎಂದರು. ಮಗುವನ್ನು ಆಪರೇಷನ್ನಿಗೆ ಒಯ್ದರು.

ಹೊರಗೆ ಬೆಂಚಿನ ಮೇಲೆ ಅತ್ತೆ ಎಣ್ಣೆ ಜಿಡ್ಡಿನ ಕೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದರು. ನನ್ನ ಸಿಟ್ಟು ಇಳಿದಿರಲಿಲ್ಲ. ಮಗುವಿಗೆ ಏನಾದರೂ ಆದರೆ ಇವರನ್ನು ಜನ್ಮದಲ್ಲಿ ಮಾತಾಡಿಸುವುದಿಲ್ಲ ಎಂದುಕೊಂಡೆ.

ಡಾಕ್ಟರು ಕೊನೆಗೂ ಹೊರಬಂದರು. "ಮಗು ಉಳ್ಕೊಂಡಿದೆ. ಗುಲ್ಮ ಪೂರ್ತಿ ಕಪ್ಪಾಗಿತ್ತು, ತೆಗೀಲೇಬೇಕಾಯ್ತು. ಸೋಂಕು ತಡೆಯೋ ಅಂಗ ಅದು, ಅದಕ್ಕೇ ಇನ್ಮೇಲೆ ಜ್ವರ ಬಂದ್ರೆ ಅಸಡ್ಡೆ ಮಾಡ್ಬೇಡಿ, ತಕ್ಷಣ ಕರ್ಕೊಂಡು ಬನ್ನಿ."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ಅವರೆದುರು ಕೈಮುಗಿದು ನಿಂತರು.

"ಸ್ವಾಮಿ, ನಂದೈತಲ್ಲ, ಅದ್ನೇ ತೆಗ್ದು ಮಗೀಗೆ ಹಾಕ್ಬುಡಿ. ನಂಗಿನ್ಯಾಕೆ ಬೇಕದು?"

ನಾನು ಹೋಗಿ ಆ ಮುಗಿದ ಕೈಗಳನ್ನು ಹಿಡಿದುಕೊಂಡೆ.