ಮೊದಲು ಆಟ, ಆಮೇಲೆ ಊಟ

ಇದು 1952ರ ಮಾತು. ಜೋಳದ ರಾಶಿ ಮುಗಿದು, ಬಿಸಿಲು ಇನ್ನೂ ಪೂರ್ತಿ ಏರದ ದಿನಗಳು. ಸಿಂಧನೂರಿನಲ್ಲಿ ಸೋದರಮಾವನ ಜವಳಿ ಅಂಗಡಿಯಲ್ಲಿ ನಾನು ಬಟ್ಟೆ ಅಳೆಯುತ್ತಿದ್ದೆ. ಸಂಜೆಯಾದರೆ ಅಂಗಡಿಯ ಹಿಂದಿನ ಬಯಲಿನಲ್ಲಿ ವಾಲಿಬಾಲ್. ರಾಯಚೂರಿನ ದೊಡ್ಡ ಪಂದ್ಯಗಳಿಗೆ ನಮ್ಮಂಥ ತಾಲೂಕಿನವರನ್ನು ಯಾರೂ ಕರೆಯುತ್ತಿರಲಿಲ್ಲ. ಕರೆಯದಿದ್ದರೆ ಬಿಡಲಿ, ನಮ್ಮದೇ ಒಂದು ಲೀಗ್ ಮಾಡೋಣ ಎಂಬ ಹುಚ್ಚು ನನ್ನ ತಲೆಗೆ ಹೊಕ್ಕಿತು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮೂರೇ ತಂಡ. ಪ್ರತಿ ತಂಡವೂ ಉಳಿದ ಎರಡು ಊರಿಗೆ ಹೋಗಿ ಆಡಬೇಕು, ಅವರನ್ನು ತನ್ನ ಊರಿಗೂ ಕರೆಸಿ ಆಡಬೇಕು. ಹೇಳುವುದಕ್ಕೆ ಎಷ್ಟು ಸುಲಭ.

ಇವತ್ತು ಯಾರಾದರೂ ಬಂದು, ಅಜ್ಜಾ, ಹೊಸ ಲೀಗ್ ಶುರು ಮಾಡುತ್ತೇವೆ ಎಂದರೆ ಅವರಿಗೆ ಒಂದು ಕಪ್ ಚಹಾ ಕುಡಿಸಿ, ಬೇಡಪ್ಪಾ ಎಂದು ಕೈಮುಗಿಯುತ್ತೇನೆ. ಮೂರೂ ಊರಿಗೆ ಸೇರಿ ಇದ್ದದ್ದು ಒಂದೇ ನೆಟ್. ಅದು ನನ್ನ ಸೈಕಲ್ಲಿನ ಹಿಂದೆ. ಪಂದ್ಯದ ದಿನ ನೆಲ ಹದ ಮಾಡಿಸುವವನು ನಾನು, ಸೀಟಿ ಊದುವವನು ನಾನು, ಬೈಸಿಕೊಳ್ಳುವವನೂ ನಾನೇ. ಎರೆಭೂಮಿ ಬಿಸಿಲಿಗೆ ಬಿರುಕು ಬಿಡುತ್ತದೆ, ಕಾಲು ಸಿಕ್ಕಿದರೆ ಮುರಿದೇ ಹೋಗುತ್ತದೆ. ಕಣ ಮಾಡಿದ ಹಾಗೆ ನೀರು ಹೊಡೆದು, ಬಡಿದು, ಸಗಣಿ ಸಾರಿಸಿ ಅಂಕಣ ಮಾಡಬೇಕು. ನಮ್ಮ ತಂಡದ ಅರ್ಧ ಮಂದಿ ಕಾಲುವೆ ಅಗೆಯುವ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಮಾವ ದಿನಾ ಒಂದೇ ಮಾತು ಅನ್ನುತ್ತಿದ್ದ, "ನಿನ್ನ ಚೆಂಡಿಗೆ ಇರೋ ಕಿಮ್ಮತ್ತು ನನ್ನ ಗಿರಾಕಿಗಿಲ್ಲ ನೋಡು." ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಮೊದಲ ದೊಡ್ಡ ಪಂದ್ಯ ಮಸ್ಕಿಯಲ್ಲಿ, ಮಸ್ಕಿಗೂ ಲಿಂಗಸುಗೂರಿಗೂ. ಮಸ್ಕಿ ತಂಡದ ನಾಯಕ ಮಲ್ಲಪ್ಪ, ಗೌಡರ ಮನೆಯ ಹುಡುಗ, ಬಾಗಿಲಿಗೆ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕಾದಷ್ಟು ಎತ್ತರ. ಲಿಂಗಸುಗೂರಿನ ನಾಯಕ ಮೆಹಬೂಬ, ಹಳೆಯ ದಂಡಿನ ಛಾವಣಿ ಕಡೆ ದರ್ಜಿ ಕೆಲಸ ಮಾಡುತ್ತಿದ್ದ. ಗಿಡ್ಡ ಆಳು, ಆದರೆ ಜಿಗಿದನೆಂದರೆ ನೆಟ್ಟಿನ ಮೇಲೆ ಎದೆ ಕಾಣುತ್ತಿತ್ತು. ಮೂರು ತಂಡದಲ್ಲೂ ಅವನಂಥ ಆಟಗಾರ ಇನ್ನೊಬ್ಬನಿರಲಿಲ್ಲ.

ಬೀಗರು ಬಂದರೆ ಊಟ ಹಾಕದೆ ಕೆಲಸದ ಮಾತೆತ್ತುವ ಪದ್ಧತಿ ನಮ್ಮ ಕಡೆ ಇಲ್ಲ. ಆಡಲು ಬಂದವರೂ ಬೀಗರೇ ಎಂದುಕೊಂಡರು ಮಲ್ಲಪ್ಪನ ಮನೆಯವರು. ಪಡಸಾಲೆಯಲ್ಲಿ ಪತ್ರಾವಳಿ ಹಾಸಿ, ಹೂರಣದ ಹೋಳಿಗೆ, ಮೇಲೆ ತುಪ್ಪ, ಕಟ್ಟಿನ ಸಾರು. ಲಿಂಗಸುಗೂರಿನ ತಂಡದಲ್ಲಿ ಮೂವರು ಮುಸ್ಲಿಮರಿದ್ದರು, ಅವರ ಎಲೆಗಳು ಸಾಲಿನ ಕೊನೆಯಲ್ಲಿ ಬಿದ್ದಿದ್ದವು. ಅದನ್ನು ಆಗ ಯಾರೂ ಗಮನಿಸುತ್ತಿರಲಿಲ್ಲ, ನಾನೂ ಗಮನಿಸಲಿಲ್ಲ. ಮಲ್ಲಪ್ಪನ ಅವ್ವ ಮಾತ್ರ ಮೆಹಬೂಬನ ಎಲೆಯ ಮುಂದೆಯೇ ನಿಂತುಬಿಟ್ಟಿದ್ದಳು.

"ಇನ್ನೊಂದು ಹಾಕಸ್ಕೊ ತಮ್ಮಾ. ದೂರದಿಂದ ಬಂದೀಯ."

"ಸಾಕ್ರಿ ಅವ್ವಾ, ಆಟ ಐತ್ರಿ."

"ಆಟ ಎಲ್ಲಿಗೆ ಓಡಿ ಹೊಕ್ಕೈತಿ? ಉಣ್ಣು."

ಅವಳ ಕೈ ಖಾಲಿ ಹಿಂದಕ್ಕೆ ಹೋಗಬಾರದೆಂದು ಮೆಹಬೂಬ ಹಾಕಿದಷ್ಟೂ ತಿಂದ. ಆಮೇಲೆ ಅಂಕಣಕ್ಕೆ ಇಳಿದರೆ ಅವನ ಕಾಲು ನೆಲ ಬಿಡಲಿಲ್ಲ. ಮಸ್ಕಿಯವರು ಗೆದ್ದರು. ಎಲ್ಲರೂ ನಕ್ಕರು, ಮೆಹಬೂಬನೂ ನಕ್ಕ.

ಆದರೆ ವಾರ ಕಳೆಯುವುದರೊಳಗೆ ಲಿಂಗಸುಗೂರಿನ ಚಹಾದಂಗಡಿಗಳಲ್ಲಿ ಮಾತು ಹಬ್ಬಿತು. ಊಟ ಹಾಕಿ ಸೋಲಿಸಿದರಂತೆ, ಬೇಕಂತಲೇ ತುಪ್ಪ ಸುರಿದರಂತೆ. ಆ ಮಾತು ಮಸ್ಕಿಗೂ ಮುಟ್ಟಿತು. ಉಂಡ ಮನೆಯ ಮೇಲೆ ಇಂಥ ಮಾತೇ ಎಂದು ಅವರು ಉರಿದುಬಿದ್ದರು. ನಾನು ಅಂಗಡಿ ಬಿಟ್ಟು ಬಸ್ಸಿನಲ್ಲಿ ಅಲ್ಲಿಗೆ, ಇಲ್ಲಿಗೆ, ಮತ್ತೆ ಅಲ್ಲಿಗೆ. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳದೆ, ಹೇಳಬಾರದ್ದನ್ನು ನುಂಗಿ ನುಂಗಿ ನನಗೆ ಸಾಕುಸಾಕಾಗಿತ್ತು. ಮೂರರಲ್ಲಿ ಒಂದು ತಂಡ ಬಿಟ್ಟುಹೋದರೆ ಲೀಗ್ ಎಲ್ಲಿ ಉಳಿಯುತ್ತದೆ?

ಹೇಗೋ ಲಿಂಗಸುಗೂರಿನಲ್ಲಿ ಎದುರು ಪಂದ್ಯದ ದಿನ ಬಂತು. ನಾನು ಬೆಳಗಿನ ಬಸ್ಸಿಗೇ ನೆಟ್ ಹೊತ್ತು ಹೋಗಿ ಮೆಹಬೂಬನ ಮನೆ ಮುಟ್ಟಿದೆ. ಅಂಗಳದಲ್ಲಿ ಅವನ ತಾಯಿ ಮೂರು ಕಲ್ಲಿನ ಒಲೆ ಹೂಡಿ ಅಡುಗೆ ಮಾಡುತ್ತಿದ್ದಳು. ಒಲೆಯ ಮೇಲೆ ಕೆಂಪಗಿನ ಹೊಸ ಗಡಿಗೆಗಳು. ಬದನೆಕಾಯಿ ಎಣ್ಣೆಗಾಯಿ, ಬೇಳೆ, ಪಕ್ಕದಲ್ಲಿ ರೊಟ್ಟಿಯ ರಾಶಿ. ನಾನು ನೋಡುತ್ತಿದ್ದುದನ್ನು ಕಂಡು ಅವಳೇ ಹೇಳಿದಳು.

"ಕುಂಬಾರರ ಮನಿಯಿಂದ ನಿನ್ನೇನ ತರಿಸೀನಿ ಬೇಟಾ. ಇದರಾಗ ನಮ್ಮ ಮನಿ ಅಡಗಿ ಮಾಡಿಲ್ಲ. ಒಲಿನೂ ಹೊರಗ ಹಾಕೀನಿ. ಮಸ್ಕಿ ಮಕ್ಕಳು ಶರಣರ ಮಂದಿ, ಮಾಂಸ ಮುಟ್ಟಂಗಿಲ್ಲ, ಅವರಿಗೆ ಹೆಂಗ ಬೇಕೋ ಹಂಗ."

ಮಸ್ಕಿಯವರು ಮಧ್ಯಾಹ್ನ ಬಂದರು. ಮೆಹಬೂಬ ಕೈಕಾಲು ತೊಳೆಯಲು ನೀರು ಕೊಟ್ಟು, "ನಡೀರಿ, ಮೊದಲ ಊಟ," ಎಂದ. ಒಬ್ಬರೂ ಹೆಜ್ಜೆ ಎತ್ತಲಿಲ್ಲ. ಮಲ್ಲಪ್ಪ ನೆಲ ನೋಡುತ್ತ, "ನಮಗ ಹಸಿವಿಲ್ಲಪಾ, ಊಟ ಬ್ಯಾಡ," ಎಂದ. ಉಳಿದವರೂ ಅದನ್ನೇ ಅಂದರು. ಬಾಗಿಲ ಪರದೆಯ ಹಿಂದೆ ಬಳೆಯ ಸಪ್ಪಳ ನಿಂತಿತು. ಗಂಡಸರು ಬಂದರೆಂದು ಒಳಗೆ ಹೋಗಿದ್ದ ತಾಯಿ ಕೇಳಿಸಿಕೊಂಡಿದ್ದಳು.

ಮೆಹಬೂಬನ ಮುಖ ಕಪ್ಪಿಟ್ಟಿತು. ಆಗಿನ್ನೂ ರಜಾಕಾರರ ಗದ್ದಲ, ಪೊಲೀಸ್ ಕಾರ್ಯಾಚರಣೆ ಮುಗಿದು ಬಹಳ ವರ್ಷವಾಗಿರಲಿಲ್ಲ. ಯಾರು ಯಾರ ಮನೆಯಲ್ಲಿ ಕೂರುತ್ತಾರೆ, ಯಾರು ಕೂರುವುದಿಲ್ಲ ಎನ್ನುವುದನ್ನು ಎಲ್ಲರೂ ಕಣ್ಣಿಟ್ಟು ನೋಡುತ್ತಿದ್ದ ಕಾಲ.

"ಮಲ್ಲಪ್ಪಾ," ಎಂದ ಅವನು, ದನಿ ಏರಿಸದೆ, "ನಿಮ್ಮವ್ವ ಹಾಕಿದಷ್ಟೂ ತಿಂದೀನಿ ನಾ. ಆಟ ಹೋದರ ಹೋಗಲಿ, ತಾಯಿ ಕೈ ಹಿಂದ ಹೋಗಬಾರದು ಅಂತ ತಿಂದೀನಿ. ಇವತ್ತು ನಮ್ಮವ್ವನ ಕೈ ನಿನಗ ಬ್ಯಾಡ ಆತು. ಊಟ ಬ್ಯಾಡಂದ್ರ ಆಟನೂ ಬ್ಯಾಡ. ಹೋಗ್ರಿ."

ಅವನು ಒಳಗೆ ಹೋಗಿ ಹೊಲಿಗೆ ಮಷೀನಿನ ಮುಂದೆ ಕುಳಿತ. ಮಸ್ಕಿಯವರು ಬಸ್ ನಿಲ್ಲುವ ಕಡೆ ಹೊರಟರು. ನಾನು ಬೇವಿನ ಗಿಡದ ಕೆಳಗೆ ನೆಟ್ಟಿನ ಗಂಟಿನ ಮೇಲೆ ಕುಳಿತುಬಿಟ್ಟೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ದುಃಖವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಮುಗಿಯಿತಲ್ಲ, ಇನ್ನು ಮನೆಗೆ ಹೋಗಿ ಮಲಗಬಹುದು ಅನ್ನಿಸಿತು. ಅಷ್ಟು ದಣಿದಿದ್ದೆ. ಆದರೆ ಒಲೆಯ ಮೇಲಿನ ಗಡಿಗೆಗಳ ಕಡೆ ಕಣ್ಣು ಹೋದಾಗ ಏಳದೆ ಇರಲು ಆಗಲಿಲ್ಲ. ಓಡಿಹೋಗಿ ಮಲ್ಲಪ್ಪನ ತೋಳು ಹಿಡಿದೆ.

"ಆ ಮುದುಕಿ ನಿಮಗಂತ ಗಡಿಗಿನೂ ಹೊಸಾದು ತರಿಸ್ಯಾಳ. ಒಲಿನೂ ಹೊರಗ ಹೂಡ್ಯಾಳ. ಇದಕ್ಕಿಂತ ಇನ್ನೇನು ಮಾಡಬೇಕೋ ಮಾರಾಯಾ ಆಕಿ?"

ಮಲ್ಲಪ್ಪ ನಿಂತ. ತನ್ನ ತಂಡದವರ ಕಡೆ ನೋಡಿದ. ಬಸ್ಸು ಬರುವ ದಾರಿ ನೋಡಿದ. ಆಮೇಲೆ ಒಬ್ಬನೇ ಹಿಂದಕ್ಕೆ ನಡೆದ, ನಾನು ಬೆನ್ನು ಹತ್ತಿದೆ. ಅವನು ನೇರ ಹೋಗಿ ಪರದೆಯ ಮುಂದೆ ನಿಂತು, ಒಳಗಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದ.

"ಅವ್ವಾ, ತಪ್ಪು ತಿಳೀಬ್ಯಾಡ. ನಿನ್ನ ಮಗ ನಮ್ಮ ಮನ್ಯಾಗ ಹೋಳಿಗಿ ತಿಂದು ಸೋತಾನ. ಇವತ್ತು ನಮಗ ಹೊಟ್ಟಿ ಬಿರಿಯಂಗ ಉಣಿಸಿ ಸೇಡು ತೀರಿಸ್ಕೊಂತಾನಂತ ಅಂಜೀವಿ. ಮುಂಜಾನಿಂದ ಏನೂ ತಿಂದಿಲ್ಲ ನಾವು. ಮೊದಲ ಆಡ್ತೀವಿ. ಆಡಿ ಬಂದು ನಿನ್ನ ಕೈಲೆ ಉಣ್ತೀವಿ."

ಒಳಗಿನಿಂದ ಮುದುಕಿಯ ನಗು ಕೇಳಿತು. "ಮೆಹಬೂಬಾ, ಏಳು. ಮಕ್ಕಳು ಹಸ್ದಾರ, ಲಗೂನ ಆಟ ಮುಗಿಸು."

ಆಟ ಲಗೂನೇ ಮುಗಿಯಿತು. ಬರಿಹೊಟ್ಟೆಯಲ್ಲಿ ಆ ಬಿಸಿಲಿನಲ್ಲಿ ಮಸ್ಕಿಯವರಿಗೆ ಕೈ ಮೇಲೇಳಲಿಲ್ಲ. ಒಬ್ಬರು ಉಂಡು ಸೋತರೆ, ಇನ್ನೊಬ್ಬರು ಉಣ್ಣದೆ ಸೋತರು. ನಮ್ಮ ಲೀಗಿನ ಹಣೆಬರಹವೇ ಹಾಗಿತ್ತು.

ಊಟಕ್ಕೆ ಕರೆದಾಗ ಮತ್ತೆ ಎಲ್ಲರ ಕಾಲೂ ನಿಂತವು. ಮಲ್ಲಪ್ಪ ಯಾರ ಮುಖವನ್ನೂ ನೋಡದೆ ಹೋಗಿ ಮೊದಲ ಎಲೆಯ ಮುಂದೆ ಕುಳಿತ. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರು. ಇಬ್ಬರು ಮಾತ್ರ ಹೊಟ್ಟೆನೋವೆಂದು ರಸ್ತೆಯ ಬದಿಗೆ ಹೋಗಿ ಕುಳಿತರು, ಅವರನ್ನು ಯಾರೂ ಕರೆಯಲಿಲ್ಲ, ಬೈಯಲೂ ಇಲ್ಲ. ಮುದುಕಿ ಸೆರಗು ಹೊದ್ದು ಹೊರಗೆ ಬಂದು ತಾನೇ ಬಡಿಸಿದಳು. ಮಲ್ಲಪ್ಪ ತಲೆ ಎತ್ತದೆ, "ಅವ್ವಾ, ಇನ್ನೊಂದು ರೊಟ್ಟಿ ಹಾಕು," ಎಂದ. ಮೆಹಬೂಬ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತುಕೊಂಡ.

ಮಸ್ಕಿಯಲ್ಲಿ ಇಳಿಯುವ ಮುಂಚೆ ಬಸ್ಸಿನಲ್ಲಿ ಮಲ್ಲಪ್ಪನನ್ನು ಕೇಳಿದೆ, "ನೀ ಅಂದಿದ್ದು ಖರೇನ? ಸೇಡಿಗೆ ಅಂಜಿದ್ರೇನು, ಇಲ್ಲಾ..."

"ಬಿಡಲೇ," ಎಂದು ಕಿಟಕಿಯ ಹೊರಗೆ ನೋಡಿದ.

ಆ ರಾತ್ರಿ ಅವನ ಅಪ್ಪ ಅವನನ್ನು ಸ್ನಾನ ಮಾಡದೆ ಒಳಗೆ ಬಿಡಲಿಲ್ಲವೆಂದು ಆಮೇಲೆ ಕೇಳಿದೆ. ಅವನ ಮಾತು ನಿಜವೋ, ಆ ತಾಯಿಗೋಸ್ಕರ ನಿಂತ ನಿಲುವಿನಲ್ಲಿ ಕಟ್ಟಿದ ಸಬೂಬೋ, ನನಗೆ ಇಂದಿಗೂ ಗೊತ್ತಿಲ್ಲ. ಸಬೂಬೇ ಆಗಿದ್ದರೆ ಅವನ ಮೇಲಿನ ಗೌರವ ಇನ್ನೂ ಹೆಚ್ಚುತ್ತದೆ. ಅಂದಿನಿಂದ ಮೊದಲು ಆಟ, ಆಮೇಲೆ ಊಟ ಎಂಬುದು ನಮ್ಮ ಲೀಗಿನ ಕಾಯಿದೆಯಾಯಿತು. ಆಡುವವರ ಹೊಟ್ಟೆ ಹಗುರವಿರಲಿ ಎಂದು ಮಾಡಿದ ಕಾಯಿದೆ ಎಂದೇ ಹೊಸಬರು ತಿಳಿದಿದ್ದರು.

ಲೀಗ್ ಬಹಳ ದಿನ ಬಾಳಲಿಲ್ಲ. ಮರುವರ್ಷ ಒಂದು ಸಲ ಆಡಿದೆವು. ಆಮೇಲೆ ಕಾಲುವೆಗೆ ನೀರು ಬಂತು, ಎಲ್ಲರೂ ಹೊಲಕ್ಕೆ ಬಿದ್ದರು, ಮಲ್ಲಪ್ಪನಿಗೆ ಮದುವೆಯಾಯಿತು, ನೆಟ್ಟನ್ನು ಇಲಿ ಕಡಿಯಿತು. ಮತ್ತೊಮ್ಮೆ ಮೂರು ಊರು ತಿರುಗಿ ಎಲ್ಲರ ಕಾಲು ಹಿಡಿಯುವ ಕಸುವು ನನ್ನಲ್ಲಿ ಉಳಿದಿರಲಿಲ್ಲ. ಈ ವರ್ಷ ಪಂದ್ಯಗಳಿಲ್ಲ ಎಂದು ತಿಳಿಸಲು ಲಿಂಗಸುಗೂರಿಗೆ ಹೋದೆ. ಮೆಹಬೂಬ ಮನೆಯಲ್ಲಿರಲಿಲ್ಲ, ತಾಯಿಗೇ ಹೇಳಿದೆ. ಅವಳು ಅಟ್ಟದ ಕಡೆ ಕೈ ತೋರಿಸಿದಳು. ಆ ಗಡಿಗೆಗಳು ಅಲ್ಲಿದ್ದವು, ತೊಳೆದು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಬೋರಲು ಹಾಕಿದ್ದಳು.

"ಎರಡ ಸಲ ಅಷ್ಟ ಒಲಿ ಕಂಡಾವು ಬೇಟಾ," ಎಂದಳು. "ಈಗ ಇವನ್ನ ಏನು ಮಾಡ್ಲಿ?"

"ಇರಲಿ ಬಿಡ್ರಿ ಅವ್ವಾ," ಎಂದೆ.