ಆ ಸೀರಿಯಲ್ ಹೆಂಗಸು ಅಂದವಳು ನಾನು

ಸವಿತಾ, ಹತ್ತು ವರ್ಷದ ಹಿಂದೆ ಹಿರಿಯರ ಮುಂದೆ ನಾನು ಸುಳ್ಳು ಹೇಳಿದೆ. ನಿನ್ನ ಗಂಡ ನಿನ್ನನ್ನು ಒಳಗಿಟ್ಟು ಹೊರಗಿನಿಂದ ಕೀಲಿ ಹಾಕುತ್ತಿದ್ದದ್ದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂದರೆ ಸಾಲದು — ಆ ಕೀಲಿಕೈ ನನ್ನ ಬ್ಯಾಗಿನಲ್ಲೇ ಇರುತ್ತಿತ್ತು.

ಇಷ್ಟು ಬರೆದು ಎದ್ದು ಹೋಗಿ ಅಂಗಳ ಗುಡಿಸಿ ಬಂದೆ. ಬೆಳಿಗ್ಗೆ ಗುಡಿಸಿದ ಅಂಗಳವನ್ನೇ. ಮುಂದಿನದನ್ನು ಎದ್ದೇಳದೆ ಬರೆಯಬೇಕು.

ಮುದ್ದೇಬಿಹಾಳದ ನಮ್ಮ ಓಣಿ ನಿನಗೆ ನೆನಪಿರಬೇಕು — ಸಾಲಾಗಿ ಆರು ಮನೆ, ನಿನ್ನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ನಾನು ಶಾಲೆಯ ಅಕ್ಕೋರು. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ಇನ್ನೊಬ್ಬಳೊಂದಿಗೆ ಹೋದ. ನಾನು ಬಾಯಿ ತೆರೆಯಲಿಲ್ಲ, ಕೋರ್ಟು ಹತ್ತಲಿಲ್ಲ. ಅದಕ್ಕೇ ಓಣಿಯವರು ನನ್ನನ್ನು ಒಳ್ಳೆಯವಳು ಎನ್ನುತ್ತಿದ್ದರು. ಆ ಹೆಸರು ಬಿಟ್ಟರೆ ನನ್ನ ಬಳಿ ಇದ್ದದ್ದು ದೊಡ್ಡದೊಂದು ಟಿವಿ. ಭಾನುವಾರ ಮಧ್ಯಾಹ್ನ ಒಂದು ಧಾರಾವಾಹಿಯ ವಾರದ ಕಂತುಗಳನ್ನೆಲ್ಲ ಒಟ್ಟಿಗೆ ತೋರಿಸುತ್ತಿದ್ದರಲ್ಲ, ಆಗ ಓಣಿಯ ಹೆಂಗಸರೆಲ್ಲ ನನ್ನ ಪಡಸಾಲೆಯಲ್ಲಿ. ಯಾರೋ ಚುರುಮುರಿ ತರುವರು, ಯಾರೋ ಕೂದಲು ಬಾಚಿಕೊಳ್ಳುವರು. ಇಡೀ ವಾರ ನಾನು ಆ ಮೂರು ತಾಸಿಗೆ ಕಾಯುತ್ತಿದ್ದೆ.

ಆ ಧಾರಾವಾಹಿಯಲ್ಲಿ ಗಂಡ ಹೆಂಡತಿ ಇಬ್ಬರೂ ವಿಚ್ಛೇದನಕ್ಕೆ ನಿಂತವರು, ಇಬ್ಬರೂ ಕೆಟ್ಟವರು. ಅವಳು ವಕೀಲನಿಗೆ ಸುಳ್ಳು ಹೇಳುವಳು, ಬಂದವರ ಎದುರು ಅತ್ತೆಯನ್ನು ಅಣಕಿಸುವಳು. ಅವನು ಮಗುವಿನ ಕಿವಿಯಲ್ಲಿ ತಾಯಿಯ ಮೇಲೆ ವಿಷ ಹಾಕುವನು. ನಾವು ಬೈಯುತ್ತಿದ್ದದ್ದು ಮಾತ್ರ ಅವಳನ್ನು. ಅವನ ಪಾಲಿಗೆ, 'ಗಂಡಸು, ಸಿಟ್ಟ ಇರ್ತೈತಿ' ಎಂದು ಮುಗಿಸುತ್ತಿದ್ದೆವು. ನೀನೊಬ್ಬಳೇ ಒಮ್ಮೆ ತಿರುಗಿಬಿದ್ದೆ.

"ಆಕಿ ಚಲೋ ಹೆಂಗಸಲ್ಲ ಅನ್ನೂದು ಬ್ಯಾರೆ, ತಪ್ಪ ಆಕೀದೇ ಅನ್ನೂದು ಬ್ಯಾರೆ. ನಿಮಗ್ಯಾರಿಗೂ ಇಷ್ಟು ತಿಳಿಯೂದಿಲ್ಲೇನು?"

ಯಾರೋ ಟಿವಿಯ ದನಿ ಏರಿಸಿದರು. ನೀನು ಹಾಗೇ — ಕೂತ ಕಡೆ ಮನಸ್ಸು ಕೆಡಿಸುವವಳು. ಇದನ್ನೂ ಹೇಳಿಬಿಡುತ್ತೇನೆ, ನೀನೆಂದರೆ ನನಗೆ ಆಗುತ್ತಿರಲಿಲ್ಲ. "ಗಂಡ ಬಿಟ್ಟು ಹ್ವಾದಾಗ ನೀವು ಒಂದು ಮಾತ ಕೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ರಿ ಅಕ್ಕೋರ?" ಎಂದು ನೀನು ನಗುತ್ತಾ ಕೇಳಿದ್ದು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ನಿನ್ನ ಗಂಡನೋ, ಕರೆಯದೆ ಬಂದು ನನ್ನ ಗ್ಯಾಸ್ ಸಿಲಿಂಡರ್ ಇಳಿಸಿಕೊಡುವವನು.

ನಮ್ಮ ಓಣಿಯಲ್ಲಿ ಊರಿಗೆ ಹೋಗುವವರು ಕೀಲಿಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗುವುದು ರೂಢಿ. ಯಾರೂ ಕಾರಣ ಕೇಳುವುದಿಲ್ಲ. ಒಂದು ಬೆಳಿಗ್ಗೆ ಅವನು ಬಂದು, "ಅಕ್ಕೋರ, ಕೀಲಿಕೈ ನಿಮ್ಮಲ್ಲಿ ಇರಲ್ರಿ. ಸಂಜಿಕಿ ಅಶ್ವಿನಿ ನಿಮ್ಮ ಜೋಡಿನ ಬರ್ತಾಳಲ್ಲ, ತಗದು ಒಳಗ ಬಿಡ್ರಿ" ಎಂದ. ನಿನ್ನ ಮಗಳು ನನ್ನದೇ ತರಗತಿ, ಎರಡನೇ ಇಯತ್ತೆ. ನಾನು ಕೈ ಚಾಚಿದೆ. ಆಗ ಗೋಡೆಯ ಆಚೆಯಿಂದ ನೀನು ಬಡಿದೆ. "ಆಕಿ ತಲಿ ಸರಿಯಿಲ್ರಿ, ತವರಿಗಿ ಓಡಿ ಹೋಗ್ತೇನಿ ಅಂತಾಳ" ಎಂದ ಅವನು. ನಾನು — ಕೀಲಿಕೈ ಬ್ಯಾಗಿಗೆ ಹಾಕಿಕೊಂಡು ಶಾಲೆಗೆ ಹೋದೆ.

ಶಾಲೆ ಇದ್ದ ಹನ್ನೊಂದು ದಿನ. ದಿನಾ ಸಂಜೆ ಬಾಗಿಲು ತೆರೆದದ್ದು ನಾನೇ. ನೀನು ಹೊಸ್ತಿಲ ಒಳಗೆ ನಿಂತು ನನ್ನ ಮುಖ ನೋಡುವೆ, ನಾನು ನಿನ್ನ ಮಗಳ ಪಾಟಿಚೀಲ ನೋಡುವೆ. ಗಂಡ ಹೆಂಡಿರ ನಡುವೆ ನಾನ್ಯಾಕೆ ಎಂದು ಹೇಳಿಕೊಂಡೆ. ಹನ್ನೊಂದನೇ ಸಂಜೆ ನೀನು ನನ್ನ ಕೈಯಿಂದ ಫೋನು ಕಿತ್ತುಕೊಂಡು ಇಂಡಿ ಊರಿನಲ್ಲಿದ್ದ ನಿನ್ನ ಅಣ್ಣನಿಗೆ ಹಚ್ಚಿದೆ.

ಎರಡೂ ಕಡೆಯ ಹಿರಿಯರು ಸೇರಿದ್ದು ನನ್ನ ಪಡಸಾಲೆಯಲ್ಲೇ. ನಾನು ಯಾರ ಕಡೆಯವಳೂ ಅಲ್ಲವಂತೆ! ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ನೀನು ಅಳಲಿಲ್ಲ, ತಲೆ ತಗ್ಗಿಸಲಿಲ್ಲ. ಈ ಗಂಡ ಬೇಡ, ಸೋಡಚೀಟಿ ಬೇಕು, ಮಗಳು ಬೇಕು ಎಂದೆ. ಒಳಗೆ ಹಾಕಿ ಕೀಲಿ ಹಾಕುತ್ತಿದ್ದ, ಅಕ್ಕೋರನ್ನ ಕೇಳ್ರಿ ಎಂದೆ. ಅವನ ಸೋದರಮಾವ ನನ್ನ ಕಡೆ ತಿರುಗಿದ.

"ನೀವು ಸಾಲಿ ಕಲಿಸೋರು, ಸುಳ್ಳ ಹೇಳೂದಿಲ್ಲ. ಈಕಿ ಹೇಳೂದು ಖರೇ ಏನ್ರಿ?"

ಹೌದು ಎಂದರೆ ಕೀಲಿಕೈ ಎಲ್ಲಿತ್ತು ಎನ್ನುತ್ತಾರೆ. ಭಾನುವಾರ ಯಾರೂ ಬರುವುದಿಲ್ಲ. ಒಳ್ಳೆಯವಳು ಎನ್ನುವುದಿಲ್ಲ. ಇಷ್ಟೇ ಸವಿತಾ, ಆ ಗಳಿಗೆಯಲ್ಲಿ ನಾನು ಯೋಚಿಸಿದ್ದು ಇಷ್ಟೇ.

"ಅದೇನೋ ನನಗ ಗೊತ್ತಿಲ್ರಿ. ನಮ್ಮ ಮನ್ಯಾಗ ಕುಂತು ನೋಡಿ ನೋಡಿ ಈಕಿನೂ ಆ ಸೀರಿಯಲ್ ಹೆಂಗಸಿನಂಗ ಆಗ್ಯಾಳ."

ಬಾಗಿಲಲ್ಲಿದ್ದವರು ನಕ್ಕರು. ಹಿರಿಯರೂ ನಕ್ಕರು. ನಿನ್ನ ಅಣ್ಣ ತಲೆ ತಗ್ಗಿಸಿದ — ಅಲ್ಲಿಗೆ ಎಲ್ಲ ಮುಗಿಯಿತು. ಇಂಥವಳ ಕೈಗೆ ಹೆಣ್ಣುಮಗು ಕೊಡಬಾರದು ಎಂದರು. ನೀನು ಒಂದು ಚೀಲ ಹಿಡಿದು ಅಣ್ಣನ ಹಿಂದೆ ಹೊರಟೆ. ಅಶ್ವಿನಿಯನ್ನು ಹಿತ್ತಲಲ್ಲಿ ಹಿಡಿದು ನಿಲ್ಲಿಸಿಕೊಂಡವಳೂ ನಾನೇ. ಅವಳು ನನ್ನ ಕೈ ಕಚ್ಚಿದಳು.

ಯಾರು ಬರುವುದು ತಪ್ಪಬಾರದೆಂದು ಅಷ್ಟು ಮಾಡಿದೆನೋ ಅವರೂ ಬರುವುದು ಬಿಟ್ಟರು. ಧಾರಾವಾಹಿ ಮುಗಿಯಿತು, ಎಲ್ಲರ ಕೈಗೂ ಫೋನು ಬಂತು. ಈಗ ಭಾನುವಾರ ಟಿವಿ ಹಚ್ಚಿ ನಾನೊಬ್ಬಳೇ ಕೂರುತ್ತೇನೆ. ನಿನ್ನ ಮನೆಯ ಕಡೆಯ ಗೋಡೆಗೆ ಬೆನ್ನು ಕೊಟ್ಟು ಕೂರಲು ಮಾತ್ರ ಆಗುವುದಿಲ್ಲ.

ಮೊನ್ನೆ ಅಶ್ವಿನಿ ಪೇಡೆ ತಂದಿದ್ದಳು. ಪಿಯುಸಿ ಪಾಸಾಗಿದ್ದಾಳೆ. ಹೋಗುವಾಗ ಚಪ್ಪಲಿ ಮೆಟ್ಟುತ್ತಾ ಕೇಳಿದಳು: "ನಮ್ಮವ್ವ ಸೀರಿಯಲ್ ನೋಡಿ ಕೆಟ್ಟು, ನನ್ನ ಬಿಟ್ಟು ಹೋದ್ಳಂತ. ಅಪ್ಪ ಹೇಳ್ತಾನ. ಖರೇ ಏನ್ರಿ ಅಕ್ಕೋರ?"

ಹತ್ತು ವರ್ಷ ಆ ಹುಡುಗಿ ನನ್ನ ಮಾತಿನ ಮೇಲೆಯೇ ಬೆಳೆದಿದ್ದಾಳೆ. ಅವಳನ್ನು ಕೂರಿಸಿ ಎಲ್ಲ ಹೇಳಿದೆ. ಕೀಲಿಕೈ, ಹನ್ನೊಂದು ದಿನ, ಹಿತ್ತಲು — ಒಂದನ್ನೂ ಬಿಡದೆ. ಅವಳು ಅಳಲಿಲ್ಲ. ಪೇಡೆಯ ಡಬ್ಬಿಯನ್ನು ನನ್ನ ಮುಂದಿನಿಂದ ಎತ್ತಿಕೊಂಡಳು. "ನೀವು ಭಾಳ ಒಳ್ಳೇವ್ರಂತ ತಿಳಿದಿದ್ದೆರಿ" ಎಂದಳು. ನಿನ್ನದೇ ದನಿ. ನಿನ್ನ ಅಣ್ಣನ ಮನೆ ಎಲ್ಲಿದೆ, ಸಿಂದಗಿಯಲ್ಲಿ ಯಾವ ಬಸ್ಸು ಬದಲಿಸಬೇಕು ಎಂದು ಕೇಳಿಕೊಂಡು ಹೋದಳು.

ಇನ್ನು ಯಾರು ಕರೆದರೂ, ಕೋರ್ಟೇ ಕರೆದರೂ, ಬಂದು ಇದನ್ನೇ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಈ ಕಾಗದಕ್ಕಿಂತ ಮೊದಲು ಅವಳೇ ನಿನ್ನ ಬಾಗಿಲಿಗೆ ಬಂದಿರಬಹುದು. ಬಂದು ನನ್ನನ್ನು ಬೈದರೆ ಬೈಯಲಿ ಬಿಡು, ಸವಿತಾ. ನನ್ನ ಪರವಾಗಿ ಒಂದು ಮಾತೂ ಆಡಬೇಡ.